ಅರ್ಧ ಕೇಳಿಸಿದ ಪದ

ಐವತ್ತರ ದಶಕದ ಕೊನೆಯ ವರ್ಷಗಳು. ರಾಜಾಜಿನಗರದಲ್ಲಿ ಆಗ ಮನೆಗಳಿಗಿಂತ ಬಯಲೇ ಹೆಚ್ಚು. ಅಪ್ಪ ಬೆಳಕು ಹರಿಯುವ ಮೊದಲೇ ಸೈಕಲ್ ಹತ್ತಿ ಕಾರ್ಖಾನೆಗೆ ಹೋಗಿಬಿಡುತ್ತಿದ್ದರು. ಹಾಗಾಗಿ ಅಮ್ಮನ ಕತ್ತಿನಲ್ಲಿ ಎದ್ದಿದ್ದ ಗಂಟನ್ನು ಡಾಕ್ಟರಿಗೆ ತೋರಿಸಲು ಜೊತೆಗೆ ಹೋದವಳು ನಾನು. ಅಮ್ಮನ ಚಿಕ್ಕಮ್ಮ ಕತ್ತಿನ ಗಂಟಿನಿಂದಲೇ ತೀರಿಕೊಂಡಿದ್ದರು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಆ ವಾರವೇ ಶಾಲೆಯಲ್ಲಿ ಇಂಗ್ಲಿಷ್ ಟೀಚರ್ ಪದಗಳ ಕೊನೆಗೆ ಪ್ರತ್ಯಯ ಹಚ್ಚುವ ಪಾಠ ಶುರುಮಾಡಿದ್ದರು. ಹೋಪ್ ಅಂದರೆ ಭರವಸೆ. ಅದಕ್ಕೆ ‘ಫುಲ್’ ಸೇರಿದರೆ ಭರವಸೆ ತುಂಬಿದ್ದು, ‘ಲೆಸ್’ ಸೇರಿದರೆ ಭರವಸೆಯೇ ಇಲ್ಲದ್ದು. ಹೋಪ್‌ಲೆಸ್, ಹೆಲ್ಪ್‌ಲೆಸ್, ಯೂಸ್‌ಲೆಸ್ ಎಂದು ನಮ್ಮಿಂದ ಗಟ್ಟಿಯಾಗಿ ಹೇಳಿಸಿದರು. ಚಿಕ್ಕದೊಂದು ಬಾಲ ಸೇರಿ ಒಳ್ಳೆಯ ಪದವೊಂದು ಹೀಗೆ ಕೆಟ್ಟುಹೋಗುವುದು ನನಗೆ ಹಿಡಿಸಿರಲಿಲ್ಲ.

ಡಾಕ್ಟರು ಗಂಟನ್ನು ಒತ್ತಿ ನೋಡಿದರು. ಪಕ್ಕದಲ್ಲಿ ನಿಂತಿದ್ದ ಕಿರಿಯ ಡಾಕ್ಟರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಅಂದರು. ಅದೇ ಹೊತ್ತಿಗೆ ಹೊರಗೆ ಕಲ್ಲು ತುಂಬಿದ ಲಾರಿಯೊಂದು ಹಾದುಹೋಯಿತು. ನನ್ನ ಕಿವಿಗೆ ಬಿದ್ದದ್ದು ಕೊನೆಯ ‘ಲೆಸ್’ ಮಾತ್ರ. ಆಮೇಲೆ ಡಾಕ್ಟರು ಅಮ್ಮನಿಗೆ, “ಇದಕ್ಕೇನೂ ಮಾಡೋದು ಬೇಡಮ್ಮ, ಹೋಗಿ ಬನ್ನಿ,” ಎಂದರು. ಅಷ್ಟರಲ್ಲೇ ಮುಂದಿನ ರೋಗಿ ಒಳಗೆ ಬಂದಾಗಿತ್ತು.

ಏನೂ ಮಾಡೋದು ಬೇಡ ಅಂದರೆ ಏನೂ ಮಾಡಲಾಗದು ಎಂದೇ ನನಗೆ ಅನ್ನಿಸಿತು. ದಾರಿಯುದ್ದಕ್ಕೂ ಆ ಬಾಲಕ್ಕೆ ಒಂದೊಂದೇ ತಲೆ ಹಚ್ಚಿ ನೋಡಿದೆ. ಹೋಪ್‌ಲೆಸ್ ಇರಬಹುದು. ಲೈಫ್‌ಲೆಸ್ ಎಂಬ ಪದವೂ ಇದೆಯೇ ಎಂದು ಕೇಳಿಕೊಂಡೆ.

ಬಯಲಿನ ಅಂಚಿನಲ್ಲಿ ಅಮ್ಮ ನಿಂತಳು. “ಆ ಇನ್ನೊಬ್ಬರ ಹತ್ರ ಏನಂದ್ರು ಕಣೇ ಅವರು?”

“ಪೂರ್ತಿ ಕೇಳಿಸ್ಲಿಲ್ಲ ಕಣಮ್ಮ.”

ಅಮ್ಮ ನನ್ನ ಮುಖವನ್ನೇ ನೋಡಿದಳು. ಮತ್ತೆ ಕೇಳಲಿಲ್ಲ. ಅವಳು ಹಾಗೆ ಸುಮ್ಮನಾದದ್ದು ನನ್ನನ್ನು ಇನ್ನಷ್ಟು ಹೆದರಿಸಿತು. ಇಲ್ಲೇ ಇರು ಎಂದು ಅವಳನ್ನು ಮನೆ ಕಟ್ಟಲು ತಂದುಹಾಕಿದ್ದ ಒಂದು ಸೈಜುಗಲ್ಲಿನ ಮೇಲೆ ಕೂರಿಸಿ ವಾಪಸು ಓಡಿದೆ.

ಕಾಂಪೌಂಡರ್ ತಡೆದರೂ ನುಗ್ಗಿ ಡಾಕ್ಟರ ಮೇಜಿನ ಮುಂದೆ ನಿಂತೆ. ಕನ್ನಡದಲ್ಲಿ ಕೇಳಬಹುದಿತ್ತು, ಅದು ಹೊಳೆಯಲೇ ಇಲ್ಲ. “ಸಾರ್, ವಾಟ್ ಲೆಸ್?” ಅಂದೆ.

ಅವರಿಗೆ ತಿಳಿಯಲಿಲ್ಲ. ನಾನು ನನ್ನ ಕತ್ತು ಮುಟ್ಟಿ ತೋರಿಸಿದೆ. ಹಿಂದೆಯೇ ಅಳು ಬಂತು. ಡಾಕ್ಟರು ಪೆನ್ನು ಕೆಳಗಿಟ್ಟರು.

“ಹಾರ್ಮ್‌ಲೆಸ್ ಅಂದೆ ಮಗು. ಹಾರ್ಮ್ ಅಂದ್ರೆ ಕೇಡು. ಕೇಡಿಲ್ಲದ್ದು. ಅದು ಬರೀ ಕೊಬ್ಬಿನ ಗಂಟು.”

ಲೆಸ್ ಹಚ್ಚಿದರೆ ಕೆಟ್ಟದ್ದೂ ಇಲ್ಲವಾಗುತ್ತದೆ ಎಂದು ಟೀಚರ್ ಹೇಳಿರಲಿಲ್ಲ, ಅಥವಾ ಅಲ್ಲಿಯವರೆಗೆ ಪಾಠ ಬಂದಿರಲಿಲ್ಲ. ಹೊರಗೆ ಬಂದೆ. ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ಆ ಪದವನ್ನು ಬಾಯಲ್ಲಿ ಹೇಳಿಕೊಳ್ಳುತ್ತಲೇ ಓಡಿದೆ.

ಅಮ್ಮ ಕೂರಿಸಿದಲ್ಲೇ ಕೂತಿದ್ದಳು. ಎಲ್ಲವನ್ನೂ ಹೇಳಿದೆ. ಅವಳು ಎರಡು ಸಲ ಹೇಳಿಸಿಕೊಂಡಳು. ಮನೆಗೆ ಹೋಗೋಣ ಎಂದು ನಾನು ಕೈ ಹಿಡಿದೆಳೆದಾಗ, “ಸ್ವಲ್ಪ ತಡಿ ಕಣೇ, ಕಾಲು ಏಳ್ತಾ ಇಲ್ಲ,” ಅಂದಳು.