ಬೆನ್ನ ಹಿಂದಿನ ಲೆಕ್ಕ

ಬಟ್ಟೆ ಹೊಲಿಯುವವಳ ಅಂಗಡಿಗೆ ಬೆಳಕು ಬರುವುದು ಒಂದೇ ಕಿಟಕಿಯಿಂದ. ಮಿಷನ್ ಇರುವುದು ಅದರ ಮುಂದೆ. ಹಾಗಾಗಿ ಹೆಣ್ಣುಮಕ್ಕಳಿಬ್ಬರೂ ಬೆಳೆದದ್ದು ಅವಳ ಬೆನ್ನ ಹಿಂದೆ, ಬಟ್ಟೆ ಕತ್ತರಿಸುವ ಮೇಜಿನ ಬಳಿ. ಮಕ್ಕಳ ಮುಖಕ್ಕಿಂತ ದನಿಯೇ ಅವಳಿಗೆ ಹೆಚ್ಚು ಪರಿಚಯ.

ದೊಡ್ಡವಳದು ಅರಳು ಹುರಿದಂಥ ಮಾತು. ಚಿಕ್ಕವಳನ್ನು ಕರೆಯುವುದೇ ಗುಮ್ಮಿ ಎಂದು, ಬಾಯಿಗೆ ಬೀಗ. ಗುರುತು ಹಾಕುವ ಸೀಮೆಸುಣ್ಣವನ್ನು ಮೇಜಿನ ಮೇಲೆ ಗೀಚಿ ಸವೆಸುವುದೇ ಅವಳ ಕೆಲಸ. ಅದಕ್ಕೆ ದಿನವೂ ಬೈಗುಳ.

“ಒಂದು ಲಂಗಕ್ಕೆ ಎರಡೂಕಾಲು ಮೀಟರ್. ಏಳಕ್ಕೆ ಎಷ್ಟಾಯ್ತೇ?” ಎಂದು ತಾಯಿ ತಿರುಗದೆಯೇ ಕೇಳಿದರೆ, ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ದೊಡ್ಡವಳು ಹೇಳುತ್ತಿದ್ದಳು: “ಹದಿನೈದೂಮುಕ್ಕಾಲು.”

ಆದ್ದರಿಂದಲೇ ಶಾಲೆಯ ಟೀಚರ್ ಕರೆಸಿ, “ಚುರುಕು ಮಕ್ಕಳಿಗೆ ಬೇರೆ ಕ್ಲಾಸು ಮಾಡ್ತಿದ್ದೀವಿ. ಮನೆಗೊಂದೇ ಜಾಗ. ನಿಮ್ಮಲ್ಲಿ ಯಾರನ್ನ ಸೇರಿಸಲಿ? ಹೆತ್ತವರಿಗೆ ಗೊತ್ತಿರುತ್ತಲ್ಲ” ಎಂದಾಗ ಅವಳು ತಡವರಿಸಲಿಲ್ಲ.

“ಅದನ್ನೇನು ಕೇಳ್ತೀರಿ ಟೀಚರ್, ದೊಡ್ಡವಳೇ.”

ಆ ಸಂಜೆ, ಗಿರಾಕಿಗಳಿಗೆಂದು ಹೊಸದಾಗಿ ತಂದ ಕನ್ನಡಿಯನ್ನು ಕಿಟಕಿಗೆ ಒರಗಿಸಿಟ್ಟು ಹೊಲಿಯಲು ಕೂತಳು. ಎಂದಿನಂತೆ ಲೆಕ್ಕ ಕೇಳಿದಳು. ಕನ್ನಡಿಯೊಳಗೆ ಗುಮ್ಮಿಯ ಕೈ ಮೇಜಿನ ಮೇಲೆ ಏನೋ ಗೀಚಿತು. ದೊಡ್ಡವಳು ಬಗ್ಗಿ ನೋಡಿ ಉತ್ತರ ಹೇಳಿದಳು. ಗುಮ್ಮಿ ಅಂಗೈಯಿಂದ ಅಳಿಸಿದಳು.

ಮಿಷನ್ ನಿಂತಿತು. “ಇದೇನೇ ಇದು?”

“ಅವಳು ಬರೀತಾಳೆ, ನಾನು ಹೇಳ್ತೀನಿ. ಯಾವಾಗ್ಲೂ ಹಂಗೇ ಅಲ್ವಾ ಅಮ್ಮ?” ಎಂದಳು ದೊಡ್ಡವಳು, ಇದರಲ್ಲಿ ಕೇಳುವುದೇನಿದೆ ಎಂಬಂತೆ.

ದೊಡ್ಡವಳನ್ನು ಹೊರಗೆ ಕಳಿಸಿ ಗುಮ್ಮಿಯನ್ನು ಇನ್ನೊಂದು ಲೆಕ್ಕ ಕೇಳಿದಳು. ಸೀಮೆಸುಣ್ಣ ಅಲುಗಲಿಲ್ಲ. “ಬರಲ್ವೇನೇ?”

ಗುಮ್ಮಿ ಬಾಯಿಬಿಟ್ಟಳು. “ಅಕ್ಕ ಇಲ್ದಿದ್ರೆ ಯಾರಿಗೆ ಹೇಳೋದು?”

ಗುಮ್ಮಿಯನ್ನು ಹೊರಗೆ ಕಳಿಸಿ ದೊಡ್ಡವಳೊಬ್ಬಳನ್ನೇ ಕೇಳಿದರೆ, “ಹದಿನಾರು? ಇಲ್ಲ, ಹದಿನೇಳು?” ಎಂದು ಕಣ್ಣು ಬಾಗಿಲ ಕಡೆ ಹೊರಳಿಸಿದಳು.

ತಾಯಿಗೆ ತಲೆಬುಡ ತಿಳಿಯಲಿಲ್ಲ. ಜಾಣೆ ಚಿಕ್ಕವಳೋ? ಹಾಗಾದರೆ ಒಬ್ಬಳೇ ಇದ್ದಾಗ ಏಕೆ ಮಾಡುವುದಿಲ್ಲ? ಬರುವುದಿಲ್ಲವೋ, ತನ್ನ ಬೈಗುಳದ ಭಯವೋ?

ಮರುದಿನ ಟೀಚರ್ ಮುಂದೆ ನಿಂತಳು. “ನಿನ್ನೆ ಹೇಳಿದ ಹೆಸರು ಅಳಿಸಿಬಿಡಿ.”

“ಚಿಕ್ಕವಳದು ಬರೀಲಾ?”

“ಅದನ್ನೂ ಈಗ್ಲೇ ಬರೀಬೇಡಿ. ನಾನು ಬೆನ್ನು ಹಾಕ್ಕೊಂಡೇ ಸಾಕಿದೋಳು, ನನ್ನ ಮಾತು ಕಟ್ಕೋಬೇಡಿ. ನೀವೇ ಎದುರಿಗೆ ಕೂರಿಸ್ಕೊಂಡು ನೋಡಿ. ಒಬ್ಬೊಬ್ಬರನ್ನೇ ಬೇಡ, ಒಟ್ಟಿಗೆ. ಗುಮ್ಮಿ ಕೈಗೊಂದು ಸೀಮೆಸುಣ್ಣ ಕೊಡಿ.”

ಮನೆಗೆ ಬಂದವಳೇ ಮಿಷನ್ ಅನ್ನು ಮೇಜಿನ ಕಡೆ ತಿರುಗಿಸಿದಳು. ಅವಳ ನೆರಳೇ ಬಟ್ಟೆಯ ಮೇಲೆ ಬಿದ್ದು ಹೊಲಿಗೆ ಸೊಟ್ಟಗಾಯಿತು. ಆದರೂ ಲೆಕ್ಕ ಕೇಳಿದಳು.

ಮಕ್ಕಳಿಬ್ಬರೂ ಲೆಕ್ಕ ಮರೆತು, ಹೊಸಬರನ್ನು ನೋಡುವಂತೆ ಅವಳ ಮುಖವನ್ನೇ ನೋಡುತ್ತ ಕೂತರು.