ಹಿಂದಿನ ಟರ್ಬೊ, ರಸ್ತೆಯ ಹುರುಳಿ

ನಮ್ಮಪ್ಪ ಹಾಸನದ ಕಾಲೇಜೊಂದರಲ್ಲಿ ಮೋಟಾರು ವಾಹನಗಳ ಪಾಠ ಹೇಳುತ್ತಿದ್ದರು. ಪಾಠ ಅಲ್ಲಿಗೇ ಮುಗಿದಿದ್ದರೆ ನಾವು ಸುಖವಾಗಿರುತ್ತಿದ್ದೆವು. ನೆಂಟರು, ಹಾಲಿನವರು, ಮದುವೆಗೆ ಕರೆಯಲು ಬಂದವರು, ಯಾರು ಸಿಕ್ಕರೂ ಅವರ ತಲೆ ತಿನ್ನುತ್ತಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ ಅವರ ತಲೆಗೆ ಹೊಕ್ಕದ್ದು ಟರ್ಬೊ. ಎಂಜಿನ್ ಹೊರಗೆ ಬಿಡುವ ಹೊಗೆಯ ರಭಸದಿಂದಲೇ ಒಂದು ಚಕ್ರ ತಿರುಗಿಸಿ, ಅದರ ಬಲದಿಂದ ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಸಾಧನ ಅದು. ನಮ್ಮ ಮುದಿ ಡೀಸೆಲ್ ಕಾರಿಗೆ ಪ್ರಾಯ ಬರಿಸುತ್ತೇನೆಂದು ಗುಜರಿಯಿಂದ ಒಂದನ್ನು ಹೊತ್ತು ತಂದರು. ಬಾನೆಟ್ಟಿನೊಳಗೆ ಜಾಗವಿರಲಿಲ್ಲ. ಹಿಂದೆ, ಸೈಲೆನ್ಸರ್ ಇದ್ದ ಕಡೆ, ಕಾರಿನ ಹೊಟ್ಟೆಯ ಕೆಳಗೆ ಕೂರಿಸಿದರು.

"ಮುಂದೆ ಇಟ್ಟರೆ ಬಾನೆಟ್ ಒಳಗೆ ಕುಲುಮೆ ಇಟ್ಟ ಹಾಗೆ. ಹಿಂದೆ ಇದ್ರೆ ಆ ಶಾಖದ ಕಾಟ ಇಲ್ಲ. ಗಾಳಿ ಅಷ್ಟುದ್ದ ಪೈಪಿನಲ್ಲಿ ಮುಂದಕ್ಕೆ ಬರೋ ಹೊತ್ತಿಗೆ ತಾನೇ ತಣ್ಣಗಾಗಿರುತ್ತೆ. ಎಂಜಿನ್ನಿಗೆ ತಣ್ಣನೆ ಗಾಳಿ ಒಳ್ಳೇದು," ಎಂದು ಊಟಕ್ಕೆ ಕೂತಾಗ ಶುರು ಮಾಡುತ್ತಿದ್ದರು.

"ಕೆಟ್ಟದ್ದೂ ಇರಬೇಕಲ್ಲ, ಅದನ್ನೂ ಹೇಳಿಬಿಡಿ," ಎನ್ನುತ್ತಿದ್ದರು ಅಮ್ಮ.

ಮೇಷ್ಟ್ರಲ್ಲವೇ, ಅದನ್ನೂ ಮುಚ್ಚಿಡದೆ ಹೇಳುತ್ತಿದ್ದರು. ಆಯಿಲ್ ಅಷ್ಟು ದೂರ ಹೋಗಿ ವಾಪಸ್ಸು ಬರಲು ಇನ್ನೊಂದು ಪಂಪು ಬೇಕು. ಕೆಸರು, ನೀರು ಎರಚುತ್ತದೆ. ಆಕ್ಸಿಲರೇಟರ್ ಒತ್ತಿದ ಮೇಲೆ ಬಲ ಬರಲು ಸ್ವಲ್ಪ ಕಾಯಬೇಕು. ಆ 'ಸ್ವಲ್ಪ' ಎಷ್ಟೆಂದು ರಾಮನಾಥಪುರದಿಂದ ಬರುವಾಗ ತಿಳಿಯಿತು. ಹೊಗೆಸೊಪ್ಪು ಹೇರಿದ್ದ ಲಾರಿಯನ್ನು ಹಿಂದೆ ಹಾಕಲು ಅಪ್ಪ ಬಲಕ್ಕೆ ತೆಗೆದುಕೊಂಡರು. ಕಾರು ಯೋಚನೆ ಮಾಡತೊಡಗಿತು. ಎದುರಿಗೆ ಬಸ್ಸು. ಅಮ್ಮ ಕಣ್ಣು ಮುಚ್ಚಿ ಮನೆದೇವರನ್ನು ಕರೆದರು. ದೇವರೂ ಟರ್ಬೊವೂ ಒಟ್ಟಿಗೇ ಬಂದರು. ಅರಕಲಗೂಡು ಬರುವ ತನಕ ಅಮ್ಮ ಕಣ್ಣು ತೆರೆಯಲಿಲ್ಲ.

ಟರ್ಬೊ ಕಾದು ಕೆಂಡವಾಗುತ್ತದೆಂದು ಅದರ ಕೆಳಗೆ ಅಪ್ಪ ಮೊದಲು ಒಂದು ತಗಡು ಕಟ್ಟಿದ್ದರು. ಅದು ದಾರಿಯುದ್ದಕ್ಕೂ ಗಡಗಡ ಎನ್ನುತ್ತಿತ್ತು. ಬೀದಿಯವರು ತಿರುಗಿ ನೋಡಿ ನಗುತ್ತಾರೆಂದು ಒಂದು ದಿನ ತಾವೇ ಬಿಚ್ಚಿ ಅಟ್ಟದ ಮೇಲೆ ಎಸೆದರು. ನಗೆಪಾಟಲಾಗುವುದೆಂದರೆ ಅಪ್ಪನಿಗೆ ಅಷ್ಟು ಭಯ.

ನಮ್ಮ ಕಡೆ ಸುಗ್ಗಿಯಲ್ಲಿ ಡಾಂಬರು ರಸ್ತೆಯೇ ಕಣ. ರಾಗಿ, ಹುರುಳಿಯನ್ನು ಗಿಡದ ಸಮೇತ ರಸ್ತೆಗೆ ಹರಡಿದರೆ ಹೋಗಿಬರುವ ಗಾಡಿಗಳ ಚಕ್ರವೇ ಒಕ್ಕಣೆ ಮಾಡಿಕೊಡುತ್ತದೆ. ಕೆಲವು ಡ್ರೈವರುಗಳು ಬೈದುಕೊಂಡು ಪಕ್ಕಕ್ಕೆ ಹೋಗುತ್ತಾರೆ. ಅಪ್ಪ ಮಾತ್ರ ಬೇಕೆಂದೇ ನಡುಮಧ್ಯೆ ಓಡಿಸುತ್ತಿದ್ದರು. "ನಾವೂ ಒಂದು ಕೈ ಹಾಕಿದ ಹಾಗಾಯ್ತು," ಎನ್ನುತ್ತಿದ್ದರು.

ಆ ದಿನ ಚನ್ನರಾಯಪಟ್ಟಣದಲ್ಲಿ ಮದುವೆ ಮುಗಿಸಿ, ಹೊಳೆನರಸೀಪುರದ ಅತ್ತೆಯ ಮನೆಗೆ ಹೊರಟಿದ್ದೆವು. ದಂಡಿಗನಹಳ್ಳಿ ಹೋಬಳಿಯ ಒಂದು ಏರಿನಲ್ಲಿ ರಸ್ತೆ ತುಂಬ ಹುರುಳಿ. ಏರಿಗೆ ಎಳೆದು ಎಳೆದು ಟರ್ಬೊ ಚೆನ್ನಾಗಿ ಕಾದಿತ್ತು. ಒಣಗಿದ ಬಳ್ಳಿ ಕೆಳಗೆ ಸುತ್ತಿಕೊಂಡು ಪರಪರ ಸದ್ದಾಯಿತು. ನೋಡೋಣವೆಂದು ಅಪ್ಪ ಆ ಹುರುಳಿಯ ಮೇಲೇ ಕಾರು ನಿಲ್ಲಿಸಿದರು.

"ಇಳೀರಿ ಸಾ, ಇಳೀರಿ! ಕೆಳಗೆ ಬೆಂಕಿ!" ಎಂದು ಕೂಗುತ್ತಾ ಹುರುಳಿಯ ಯಜಮಾನರು ಓಡಿ ಬಂದರು. ಅಪ್ಪನ ವಯಸ್ಸಿನವರೇ. ನಾವು ಮೂವರೂ ಹೊರಗೆ ಹಾರಿದೆವು. ಅಷ್ಟರಲ್ಲಿ ಬೆಂಕಿ ಕಾರಿನ ಕೆಳಗಿಂದ ರಸ್ತೆಯ ಹುರುಳಿಗೆ ಹಬ್ಬಿತ್ತು. ಅವರ ಹೆಂಡತಿ ರಸ್ತೆ ಪಕ್ಕದ ಮನೆಯಿಂದ ಕೊಡ ಎತ್ತಿಕೊಂಡು ಬಂದು ಹುರುಳಿಗೆ ಸುರಿಯಲು ಹೋದರು.

"ಕಾರ್‌ಗೆ ಉಯ್ಯಮ್ಮಿ ಮೊದ್ಲು! ಉಳ್ಳಿ ಆಮ್ಯಾಕೆ ನೋಡ್ಕಳಾನ!" ಎಂದು ಯಜಮಾನರು ಗದರಿದರು.

ಇದ್ದ ನೀರೆಲ್ಲ ನಮ್ಮ ಕಾರಿಗೆ ಹೋಯಿತು. ಕಾರಿನ ಹಿಂಭಾಗ ಕಪ್ಪಾಯಿತು, ಅಷ್ಟೇ. ಆ ಮನೆಯ ವರ್ಷದ ಹುರುಳಿ ನಮ್ಮ ಕಣ್ಣೆದುರೇ ಬೂದಿಯಾಯಿತು.

ಅಪ್ಪ ಬಗ್ಗಿ ಕಾರಿನ ಕೆಳಗೆ ನೋಡಿದರು. ನಾನೂ ಬಗ್ಗಿದೆ. ತಗಡಿಲ್ಲದ ಟರ್ಬೊಗೆ ಹುರುಳಿಬಳ್ಳಿ ಸುತ್ತಿಕೊಂಡು ಇನ್ನೂ ಕೆಂಪಗೆ ಹೊಗೆಯಾಡುತ್ತಿತ್ತು. ಮೇಲೆದ್ದಾಗ ಯಜಮಾನರು ಕೈ ಮುಗಿದು ನಿಂತಿದ್ದರು.

"ತಪ್ಪಾಯ್ತು ಸಾ. ರಸ್ತೇಗೆ ಆಕಬ್ಯಾಡಿ ಅಂತ ಪೊಲೀಸ್ನೋರು ಯೋಳಿದ್ರು, ನಾವು ಕೇಳ್ನಿಲ್ಲ. ಕಂಪ್ಲೇಂಟು ಮಾತ್ರ ಕೊಡಬ್ಯಾಡಿ."

ಮೇಷ್ಟ್ರ ಕಾರು ಒಕ್ಕಣೆ ಸುಟ್ಟಿತಂತೆ ಎಂಬ ಸುದ್ದಿ ಹಾಸನ ಮುಟ್ಟಿದರೆ ಕಾಲೇಜಿನಲ್ಲಿ ತಲೆ ಎತ್ತುವ ಹಾಗಿರಲಿಲ್ಲ. ಅಪ್ಪ ಮಂಡಿಯ ಧೂಳು ಕೊಡವಿಕೊಂಡು ಹೇಳಿದರು: "ಹೋಗಲಿ ಬಿಡಿ. ಇನ್ಮೇಲಾದ್ರೂ ಹುಷಾರಾಗಿರಿ."

ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಆ 'ಹುಷಾರಾಗಿರಿ' ಕೇಳಿ ನಾನು ನಾಚಿಕೆಯಿಂದ ಹಿಡಿಯಾದೆ. ಆ ಹೆಂಗಸು ಅಮ್ಮನಿಗೆ ಮಜ್ಜಿಗೆ ತಂದುಕೊಟ್ಟರು. ಅಮ್ಮ ಲೋಟ ಹಿಡಿದುಕೊಂಡು ಅಪ್ಪನ ಮುಖವನ್ನೇ ನೋಡುತ್ತಿದ್ದರು. ಅಪ್ಪ ಎಂಜಿನ್ ನೋಡುವವರಂತೆ ಬಾನೆಟ್ ಎತ್ತಿ ಮುಖ ಮರೆಸಿಕೊಂಡರು.

ಟರ್ಬೊ ಮತ್ತೆ ಗುಜರಿ ಸೇರಿತು. ಮನೆಯಲ್ಲಿ ಪಾಠವೂ ನಿಂತಿತು. ಅಮ್ಮ ಜಗಳ ಆಡಲಿಲ್ಲ, ಆಡಿದ್ದರೆ ಅಪ್ಪನಿಗೆ ಹಗುರವಾಗುತ್ತಿತ್ತೇನೋ. ಅಡುಗೆಮನೆಗೆ ಹುರುಳಿ ತರಿಸುವುದನ್ನು ಮಾತ್ರ ಬಿಟ್ಟುಬಿಟ್ಟರು. ಮುಂದಿನ ಸುಗ್ಗಿಯಲ್ಲಿ ಒಂದು ಭಾನುವಾರ ಅಪ್ಪ ತಾವಾಗಿಯೇ, "ಹೋಗಿ ಹೇಳಿಬಿಟ್ಟು ಬರೋಣ," ಎಂದರು.

ಆ ರಸ್ತೆಯಲ್ಲಿ ಎಲ್ಲರ ಮನೆಯ ಮುಂದೂ ಹುರುಳಿ ಹರಡಿತ್ತು, ಅವರ ಮನೆಯ ಮುಂದೆ ಬಿಟ್ಟು. ಗಂಡ ಹೆಂಡತಿ ಇಬ್ಬರೂ ಹಿತ್ತಲಲ್ಲಿ ಬಿಸಿಲಿಗೆ ನಿಂತು ಕೋಲಿನಿಂದ ಹುರುಳಿ ಬಡಿಯುತ್ತಿದ್ದರು. ಅಂಗೈಗೆ ಬಟ್ಟೆ ಸುತ್ತಿಕೊಂಡಿದ್ದರು.

"ನಿಮ್ ಕಾರು ಸುಟ್ಟೋದಾಗಿಂದ ರಸ್ತೇಗೆ ಆಕೋದು ಬುಟ್ಬುಟ್ವಿ ಸಾ," ಎಂದರು ಯಜಮಾನರು, ಚಾಪೆ ಹಾಸುತ್ತಾ.

ಅಪ್ಪ ಚಾಪೆಯ ಮೇಲೆ ಕೂರಲಿಲ್ಲ. ನಿಂತೇ ಪಾಠ ಹೇಳಿದರು. ಟರ್ಬೊ ಎಂದರೇನು, ಹಿಂದೆ ಯಾಕೆ ಇಟ್ಟೆ, ಅದರಿಂದ ಏನು ಲಾಭ, ಏನು ನಷ್ಟ. ನೆಲಕ್ಕೆ ಅಷ್ಟು ಹತ್ತಿರ ಕೆಂಡ ಕಟ್ಟಿಕೊಂಡು ಹುರುಳಿಯ ಮೇಲೆ ಓಡಿಸಿದ್ದು, ತಗಡು ಬಿಚ್ಚಿದ್ದು, ಎಲ್ಲವನ್ನೂ ಹೇಳಿದರು. ಕೊನೆಗೆ ಕೈ ಮುಗಿದರು. "ತಪ್ಪು ನಂದು. ಅವತ್ತೇ ಗೊತ್ತಿತ್ತು. ಆದ್ರೂ ನಿಮ್ಮ ಕೈಲೇ ಕ್ಷಮೆ ಕೇಳಿಸಿದೆ."

ಯಜಮಾನರು ಗಮನವಿಟ್ಟು ಕೇಳಿದರು. ಆಮೇಲೆ ಹೆಂಡತಿಯ ಕಡೆ ತಿರುಗಿದರು. "ನೋಡ್ದಾ? ನಾವು ನೊಂದ್ಕಬಾರ್ದು ಅಂತ ತಪ್ಪ ತಮ್ಮೇಲೆ ಆಕ್ಕತಾವ್ರೆ. ಎಂತಾ ದೊಡ್ ಮನಸ್ಸು!"

"ಇಲ್ಲ, ಇಲ್ಲ, ನಿಜವಾಗ್ಲೂ..." ಎಂದರು ಅಪ್ಪ. ಹೇಳಿದಷ್ಟೂ ಆ ಗಂಡ ಹೆಂಡತಿಯ ಕಣ್ಣಲ್ಲಿ ಗೌರವ ಹೆಚ್ಚುತ್ತಿತ್ತು. ಪರಿಹಾರವೆಂದು ಕೊಡಲು ಹೋದ ಹಣವನ್ನು ಅವರು ಮುಟ್ಟಲಿಲ್ಲ. ಅಪ್ಪನಿಗೆ ಏನೂ ತೋಚದೆ, "ಈ ಹುರುಳೀನ ರಸ್ತೆಗೆ ಹಾಕಿ. ಈಗ ಟರ್ಬೊ ಇಲ್ಲ. ಸಂಜೆ ತನಕ ನಾನೇ ಕಾರು ಓಡಿಸ್ತೀನಿ," ಎಂದು ಬೇಡಿಕೊಂಡರು.

ಯಜಮಾನರು ಗಾಬರಿಯಾದರು. "ಬ್ಯಾಡಿ ಸಾ, ಬ್ಯಾಡಿ! ನಮ್ಮಿಂದ ಇನ್ನೊಂದ್ಸಲ ನಿಮ್ ಕಾರ್‌ಗೆ ಏನಾರಾ ಆದ್ರೆ?"

ಹೊರಟಾಗ ಅವರ ಹೆಂಡತಿ, ಸಾರು ಮಾಡಿಕೊಳ್ಳಿ ಎಂದು ಒಂದು ಚೀಲ ಹುರುಳಿಯನ್ನು ನನ್ನ ಮಡಿಲಿಗೆ ಹಾಕಿದರು. ಕಾಳು ಇನ್ನೂ ಬಿಸಿಲಿಗೆ ಬೆಚ್ಚಗಿತ್ತು. ಒಂದಿಷ್ಟು ದೂರ ಬಂದ ಮೇಲೆ ಅಪ್ಪ ಕೇಳಿದರು, "ನಾನು ಅರ್ಥವಾಗೋ ಹಾಗೆ ಹೇಳಿದೆ ತಾನೇ?" ಅಮ್ಮ ಕಿಟಕಿಯ ಕಡೆಗೆ ತಿರುಗಿಕೊಂಡರು. ಹಿಂದಿನಿಂದ ಕೋಲಿನ ಸದ್ದು ಆಗಲೇ ಮತ್ತೆ ಶುರುವಾಗಿತ್ತು.