ಮೂಗಿಲ್ಲದ ಮೆಕ್ಯಾನಿಕ್ಕೂ ಲೆಂಪಿಯ ಕಾರೂ

ರೇನೋ ಸಲ್ಮೆಲಾಗೆ ಮೂಗೇನೋ ಇತ್ತು, ಗುದ್ದಲಿ ಹಾಗೆ ಉದ್ದಕ್ಕೆ. ವಾಸನೆ ಮಾತ್ರ ಗೊತ್ತಾಗ್ತಿರಲಿಲ್ಲ. ಚಿಕ್ಕೋನಿದ್ದಾಗ ಜ್ವರ ಬಂದು ಹೋಯ್ತು ಅಂತ ಅವನ ಹೆಂಡ್ತಿ ಹೇಳ್ತಾಳೆ. ನಂಬಬೇಡಿ. ಕಾಡಲ್ಲಿ ಒಂದು ಮೂಸ್, ಕುದುರೆಗಿಂತ ಎತ್ತರದ ಕಡವೆ, ಅವನ ಮುಖದ ಮೇಲೆ ಸೀನ್ತು, ನಾನೇ ಪಕ್ಕದಲ್ಲಿದ್ದೆ. ಸೀನು ಗಾಳೀಲೇ ಹೆಪ್ಪುಗಟ್ಟಿ ಮೂಗಿಗೆ ಬಿರಡೆ ಬಿತ್ತು. ಮೂಸ್ ಬಂದು ಮೂಸೋದನ್ನೇ ಕಿತ್ಕೊಂಡು ಹೋಯ್ತು! ನಮ್ಮ ಸುಪೀರಿಯರ್ ಸರೋವರದ ದಂಡೆ ಚಳಿ ಅಂದ್ರೆ ಅಂಥದ್ದು. ಚಿಮಣಿ ಹೊಗೆ ಹೆಪ್ಪುಗಟ್ಟಿ ಕೋಲಿನ ಹಾಗೆ ನಿಂತುಬಿಡ್ತಿತ್ತು, ನಮ್ಮಮ್ಮ ಅದರ ಮೇಲೆ ಕಾಲುಚೀಲ ಒಣಹಾಕ್ತಿದ್ಲು.

ಇಂಥೋನು ಕಾರು ರಿಪೇರಿ ಅಂಗಡಿ ಇಟ್ಕೊಂಡಿದ್ದ. ಬೆರಳಲ್ಲಿ ಮುಟ್ಟಿ, ಕಿವಿಗೊಟ್ಟು ಕೇಳಿ ರೋಗ ಹಿಡೀತಿದ್ದ. ಒಂದು ಬುಧವಾರ ಲೆಂಪಿ ಬಂದ್ಲು. ಗಂಡ ತೀರಿಹೋದ್ಮೇಲೆ ಪ್ಯಾಸ್ಟಿ ಮಾರಿ ಬದುಕ್ತಿದ್ದೋಳು. ಪ್ಯಾಸ್ಟಿ ಅಂದ್ರೆ ಅಂಗೈಗಿಂತ ದೊಡ್ಡ ಕಡುಬು, ಒಳಗೆ ಮಾಂಸ, ಆಲೂಗಡ್ಡೆ, ಈರುಳ್ಳಿ.

"ಏನೋ ರೇನೋ, ಕಾರಿಗೆ ಏನಾಗಿದೆ ನೋಡೋ. ಶನಿವಾರ ಬಂದ್ರೆ ಸ್ಟಾರ್ಟ್ ಆಗಲ್ಲ, ಕೆಮ್ಮತ್ತೆ. ಒಳಗೆಲ್ಲ ಪೆಟ್ರೋಲ್ ನಾತ. ಐಸ್ ಮೇಲೆ ಹಾಕಿ ಆಡೋ ಕಡೆ ಪ್ಯಾಸ್ಟಿ ಮಾರೋಕೆ ಹೋದ್ರೆ ಒಬ್ಬ ಕೇಳ್ತಾನೆ, 'ಲೆಂಪಿ, ಇದನ್ನ ತಿಂದು ಸಿಗರೇಟ್ ಹಚ್ಚಬಹುದಾ?' ಅಂತ. ಈ ಶನಿವಾರವೂ ನಾತ ಬಂದ್ರೆ ಆಟ ನಡೆಸೋರು ಬೇರೆಯವರ ಹತ್ರ ಪ್ಯಾಸ್ಟಿ ತರಿಸ್ಕೋತಾರಂತೆ."

"ಸೋಮವಾರ?" ಅಂದ ರೇನೋ.

"ಬಂಗಾರದಂಥ ಕಾರು!"

ಅಲ್ಲೇ ಕೂತಿದ್ದ ನಾನಂದೆ, "ಶನಿವಾರ ನಾವೆಲ್ಲ ಸೌನಾದ ಬಿಸಿ ಹಬೇಲಿ ಕೂತು ಬೆವರ್ತೀವಲ್ಲ, ಕಾರಿಗೂ ಆಸೆ."

"ನಿನ್ನ ಬಾಯಿ ಬೇಡ, ಮೂಗು ಕೊಡು," ಅಂದ ರೇನೋ.

ಕಾರಿನ ಸುತ್ತ ನಾಯಿ ಹಾಗೆ ಮೂಸಿದೆ. ಮುಂದೆ ಏನಿಲ್ಲ, ಹಿಂದೆ ಟ್ಯಾಂಕಿನ ಹತ್ರ ಚೂರು ವಾಸನೆ. ರೇನೋ ಕೆಳಗೆ ನುಗ್ಗಿ ಪೈಪೆಲ್ಲ ಸವರಿದ. ಒಣಗಿತ್ತು. ಎದ್ದು ಕೂತು ತಲೆ ಕೆರ್ಕೊಂಡ.

"ಶನಿವಾರ ಏನೇನು ಮಾಡ್ತೀಯೋ, ಈಗ ಮಾಡಿ ತೋರಿಸು."

ಲೆಂಪಿ ಪ್ಯಾಸ್ಟಿಯ ಖಾಲಿ ಡಬ್ಬಗಳನ್ನ ಹಿಂದಿನ ಸೀಟಲ್ಲಿಟ್ಟು ಪೆಟ್ರೋಲ್ ಬಂಕಿಗೆ ಕಾರು ಬಿಟ್ಲು. ನಾವೂ ಹತ್ಕೊಂಡಿದ್ವಿ. ಟ್ಯಾಂಕು ತುಂಬಿದ ಕೂಡ್ಲೇ ಪಂಪು ತಾನೇ ಟಕ್ ಅಂತ ನಿಂತ್ಕೊಳ್ತು. ಅವಳು ಪಂಪಿನ ಹಿಡಿ ಮತ್ತೆ ಒತ್ತಿದ್ಲು. ಟಕ್. ಮತ್ತೆ ಒತ್ತಿದ್ಲು.

"ಯಾಕೆ ಹಾಗೆ ತುರುಕ್ತೀಯ?" ಅಂದ ರೇನೋ.

"ನಮ್ಮ ಯಜಮಾನ್ರು ಹೇಳಿದ್ರು ಕಣೋ. ಟ್ಯಾಂಕಲ್ಲಿ ಜಾಗ ಬಿಟ್ರೆ ಚಳಿಗೆ ನೀರು ಕೂತು ಹೆಪ್ಪುಗಟ್ಟತ್ತೆ, ಕತ್ತಿನ ಮಟ್ಟ ತುಂಬ್ಸು ಅಂತ."

ಕೀಲಿ ತಿರುಗಿಸಿದ್ಲು. ಖೊಖ್ ಖೊಖ್. ಪೆಟ್ರೋಲ್ ನಾತಕ್ಕೆ ನನ್ನ ಮೂಗು ಉರೀತು. ರೇನೋ ನಗೋಕೆ ಶುರು ಮಾಡಿದ.

ಹೇಗೋ ಅಂಗಡಿಗೆ ವಾಪಸ್ ತಂದು, ಟ್ಯಾಂಕಿನ ಪಕ್ಕದಿಂದ ಒಂದು ಡಬ್ಬಿ ಬಿಚ್ಚಿ ಕಿವಿ ಹತ್ರ ಅಲ್ಲಾಡಿಸಿದ. ಕುಳುಕುಳು ಅಂತು.

"ಇದರಲ್ಲಿರೋದು ಇದ್ದಿಲು, ಒಣಗಿರಬೇಕು. ಟ್ಯಾಂಕಿನ ಆವಿ ಹಿಡಿದಿಟ್ಕೊಳ್ಳತ್ತೆ, ಆಮೇಲೆ ಇಂಜಿನ್ ನಿಧಾನಕ್ಕೆ ಕುಡಿಯತ್ತೆ. ನೀನು ಆವಿ ದಾರೀಲಿ ಪೆಟ್ರೋಲನ್ನೇ ಸುರಿದಿದ್ದೀಯ ತಾಯಿ. ಇಲ್ಲಿರೋ ವಾಲ್ವೂ ಕೆಟ್ಟು ಬಾಯಿ ತೆರ್ಕೊಂಡೇ ಕೂತಿದೆ. ಸ್ಟಾರ್ಟ್ ಮಾಡಿದ್ರೆ ಇಂಜಿನ್ನಿಗೆ ಗಂಟಲು ಕಟ್ಟದೆ ಇನ್ನೇನು?"

"ಹಾಗಾದ್ರೆ ಯಜಮಾನ್ರು ಹೇಳಿದ್ದು ಸುಳ್ಳಾ?" ಲೆಂಪಿ ಮುಖ ಸಣ್ಣದಾಯ್ತು.

"ಅವರ ಕಾಲದ ಕಾರಿಗೆ ಸರಿ. ಈಗಲೂ ತುಂಬ್ಸು. ಟಕ್ ಅಂದ್ರೆ ಕೈ ತೆಗಿ, ಅಷ್ಟೆ."

ಶನಿವಾರದ ಹೊತ್ತಿಗೆ ಹೊಸ ಡಬ್ಬಿ, ಹೊಸ ವಾಲ್ವು. ಬಂಕಲ್ಲಿ ಪಂಪು ಟಕ್ ಅಂತು. ಇನ್ನೊಂದು ಸಲ ಒತ್ತೋಕೆ ಲೆಂಪಿ ಬೆರಳು ತುರಿಸ್ತಿತ್ತು. ಆಕಾಶ ನೋಡಿ, "ಬೇಜಾರು ಮಾಡ್ಕೋಬೇಡಿ ರೀ," ಅಂತ ಹೇಳಿ ಪಂಪು ತೂಗುಹಾಕಿದ್ಲು. ಕೀಲಿ ತಿರುಗಿಸಿದ್ದೇ ತಡ, ಬುರ್ ಅಂತು!

"ಮೂಸೋ," ಅಂದ ರೇನೋ.

ಹಿಂದಿನ ಸೀಟಿಗೆ ತಲೆ ತೂರಿಸಿದೆ. "ಈರುಳ್ಳಿ. ಬೆಣ್ಣೆ. ಮೆಣಸು. ಇನ್ನೇನೂ ಇಲ್ಲ."

ಆಟದ ಹತ್ರ ಆ ಸಿಗರೇಟಿನೋನು ಮೂಸಿ ಮೂಸಿ ಎರಡು ತಗೊಂಡ. ಮುಂದಿನ ವಾರಕ್ಕೂ ಲೆಂಪೀನೇ ತರಲಿ ಅಂದ್ರು. ಲೆಂಪಿ ನಮಗೂ ಒಂದೊಂದು ಕೊಟ್ಲು. ನಾನು ಅರ್ಧ ನುಂಗಿದ್ರೂ ರೇನೋ ತನ್ನದನ್ನ ಮೂಗಿನ ಕೆಳಗೆ ಹಿಡ್ಕೊಂಡೇ ನಿಂತಿದ್ದ.

"ಏನಾದ್ರೂ ಬಂತೇನೋ?" ಅಂದೆ.

"ಬಿಸಿ ಬಂತು," ಅಂದ.